ಮಾಲೆ ಹಾಕಿದಾಗ ಬಿಡುತ್ತಾರೆ, ತೆಗೆದ ದಿನವೇ ಶುರು: ಇಂಥ ಕುಡಿತಕ್ಕೆ ಮಾತಿನ ಚಿಕಿತ್ಸೆ ಹೇಗೆ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕು. ಯಜಮಾನರಿಗೆ 42 ವರ್ಷ. ಎರಡು ಎಕರೆ ಟೊಮೇಟೊ, ಮೂರು ಸೀಮೆಹಸು ಇವೆ. ಮದುವೆಯಾದಾಗಿನಿಂದ ಕುಡಿಯುತ್ತಾರೆ. ಈಗ ದಿನಕ್ಕೆ ಎರಡು ಕ್ವಾರ್ಟರ್ ಬೇಕೇ ಬೇಕು. ಮಂಡಿಗೆ ಹೋದ ದಿನ ಇನ್ನೂ ಜಾಸ್ತಿ. ಎರಡು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಹಾಕದಿದ್ದರೆ ಕೈ ನಡುಗುತ್ತೆ, ಹಾಲು ಕರೆಯೋಕೂ ಆಗಲ್ಲ. ಆದರೆ ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಾರೆ. ಆ 41 ದಿನ ಒಂದು ತೊಟ್ಟೂ ಮುಟ್ಟಲ್ಲ. ಮಾಲೆ ತೆಗೆದ ದಿನವೇ ಮತ್ತೆ ಶುರು. "ಬೇಕಾದಾಗ ಬಿಡ್ತೀನಿ, ನೋಡಿದೀಯಲ್ಲ" ಅಂತಾರೆ. ಹೋದ ಸಲ ಮಾಲೆ ಹಾಕಿದ ಮೂರನೇ ರಾತ್ರಿ ನಿದ್ದೆಯಿಲ್ಲದೆ, ಬೆವೆತು, ಗೋಡೆ ಮೇಲೆ ಏನೋ ಹರಿದಾಡ್ತಿದೆ ಅಂತ ಕೂಗಾಡಿದರು. ಮೈಮೇಲೆ ಸ್ವಾಮಿ ಬಂದಿದೆ ಅಂತ ಎಲ್ಲರೂ ಕೈ ಮುಗಿದರು. ಎರಡು ದಿನಕ್ಕೆ ಸರಿಯಾಯಿತು. ಈ ಕಾರ್ತೀಕಕ್ಕೆ ಮತ್ತೆ ಹಾಕ್ತೀನಿ ಅನ್ನುತ್ತಿದ್ದಾರೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸೋ ಪುಡಿ ಸಿಗುತ್ತಂತೆ, ಹಾಕಲಾ? ಕೌನ್ಸೆಲಿಂಗ್ ಅಂದರೆ ಬರೀ ಬುದ್ಧಿಮಾತು ಅಲ್ವಾ? ಅದರಿಂದ ಇಂಥವರು ಬಿಡುತ್ತಾರಾ?

ಉತ್ತರ: ನೀವು ಕೇಳದೇ ಇರುವ ಒಂದು ವಿಷಯವನ್ನು ಮೊದಲು ಹೇಳುತ್ತೇನೆ. ಅದು ಜೀವಕ್ಕೆ ಸಂಬಂಧಿಸಿದ್ದು. ಈ ಸಲ ನಿಮ್ಮ ಯಜಮಾನರು ಡಾಕ್ಟರನ್ನು ಕಾಣದೆ ಒಮ್ಮೆಲೇ ಕುಡಿತ ನಿಲ್ಲಿಸಬಾರದು. ಕುಡಿಯುತ್ತಲೇ ಇರಲಿ ಅಂತ ಹೇಳುತ್ತಿಲ್ಲ. ಬಿಡಲಿ, ಆದರೆ ಆಸ್ಪತ್ರೆಯ ಸಹಾಯ ಪಡೆದು ಬಿಡಲಿ.

ವರ್ಷಗಟ್ಟಲೆ ದಿನವೂ ಮದ್ಯ ಒಳಗೆ ಹೋಗುತ್ತಿದ್ದರೆ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ಅದನ್ನು ಸರಿದೂಗಿಸಲು ಮೆದುಳು ಸದಾ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಮದ್ಯ ನಿಂತರೂ ಆ ಓಟ ಕೂಡಲೇ ನಿಲ್ಲುವುದಿಲ್ಲ. ಕೊನೆಯ ಸಲ ಕುಡಿದ ಆರೆಂಟು ಗಂಟೆಗೇ ಕೈ ನಡುಕ, ಬೆವರು, ವಾಕರಿಕೆ, ಗಾಬರಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಇನ್ನು ಕೆಲವರಿಗೆ ಗೊಂದಲ, ಇಲ್ಲದ್ದು ಕಾಣುವುದು, ಜ್ವರ, ಎದೆ ಬಡಿತ ಬರುತ್ತದೆ. ಇದಕ್ಕೆ ಡಾಕ್ಟರುಗಳು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಜನ ಸತ್ತಿದ್ದಾರೆ.

ನೀವು ಬರೆದ ಮೂರನೇ ರಾತ್ರಿಯ ವಿವರ ಇದಕ್ಕೆ ಅಕ್ಷರಶಃ ಹೊಂದುತ್ತದೆ. ನಿದ್ದೆಯಿಲ್ಲ, ಬೆವರು, ಗೋಡೆ ಮೇಲೆ ಹರಿದಾಡುವುದು ಕಾಣುವುದು, ಅದೂ ನಿಲ್ಲಿಸಿದ ಮೂರನೇ ದಿನ. ನಿಮ್ಮ ನಂಬಿಕೆಯ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಅಲ್ಲಿದ್ದವರು ಭಕ್ತಿಯಿಂದಲೇ ಕೈ ಮುಗಿದಿದ್ದಾರೆ. ಆದರೆ ಆ ಹೊತ್ತಿನಲ್ಲಿ ಅವರು ಆಸ್ಪತ್ರೆಯಲ್ಲಿ ಇರಬೇಕಿತ್ತು. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಆಗುವ ಸಾಧ್ಯತೆ ಜಾಸ್ತಿ. ಅದರ ಜೊತೆಗೆ ತಣ್ಣೀರು ಸ್ನಾನ, ಒಂದು ಹೊತ್ತಿನ ಊಟ, ನಿದ್ದೆಗೆಟ್ಟ ಭಜನೆ ಸೇರಿದರೆ ದೇಹ ತಡೆಯುವುದು ಕಷ್ಟ.

ಹಾಗಾಗಿ ಮಾಲೆ ಹಾಕುವ ದಿನಕ್ಕಿಂತ ಎರಡು ವಾರ ಮೊದಲೇ ಮನೋವೈದ್ಯರನ್ನು ಕಾಣಲಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಬಹುದು. ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಮುಳಬಾಗಿಲಿನಲ್ಲಿ ಯಾವ ವಾರ ಡಾಕ್ಟರು ಬರುತ್ತಾರೆ ಅಂತ ಮೊದಲೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಮೀಸಲಾದ ವ್ಯಸನ ಚಿಕಿತ್ಸಾ ವಿಭಾಗ ಇದೆ. ಹೋದ ವರ್ಷದ ಆ ರಾತ್ರಿಯ ವಿಷಯ ಹೇಳಿದರೆ ಡಾಕ್ಟರು ಬಹುಶಃ ಕೆಲವು ದಿನ ದಾಖಲಾಗಿ ಅನ್ನುತ್ತಾರೆ. ಒಪ್ಪಿಕೊಳ್ಳಿ. ಕ್ಲೋರ್‌ಡಯಾಜೆಪಾಕ್ಸೈಡ್, ಲೋರಾಜೆಪಾಮ್‌ನಂಥ ಮೆದುಳಿನ ಓಟ ತಗ್ಗಿಸುವ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಥಯಾಮಿನ್ ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಊಟ ಬಿಟ್ಟು ಕುಡಿಯುವವರಲ್ಲಿ ಈ ವಿಟಮಿನ್ ಖಾಲಿಯಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಹಾಗಾಗಿ ಅದು ಬಹಳ ಮುಖ್ಯ. ಈ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತಂದು ಕೊಡಬೇಡಿ. ಕುಡಿತದ ಮೇಲೆ ಅವನ್ನು ನುಂಗಿದರೆ ಉಸಿರೇ ನಿಲ್ಲುವ ಅಪಾಯ ಇದೆ.

ಇನ್ನು ಪುಡಿ. ದಯವಿಟ್ಟು ಹಾಕಬೇಡಿ. ಗುಟ್ಟಾಗಿ ಬೆರೆಸಿ ಅಂತ ಮಾರುವವರು ಒಳಗೆ ಏನಿದೆ ಅಂತ ಹೇಳುವುದಿಲ್ಲ. ಅದರಲ್ಲಿ ಡೈಸಲ್ಫಿರಾಮ್ ಅನ್ನುವ ಔಷಧಿ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು, ಹೃದಯಕ್ಕೇ ಪೆಟ್ಟು ಬೀಳಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಉಳಿಯುತ್ತದೆ. ತನ್ನ ಊಟದಲ್ಲಿ ಅದಿದೆ ಅಂತ ಗೊತ್ತಿಲ್ಲದವರು ಎಂದಿನ ಎರಡು ಕ್ವಾರ್ಟರ್ ಕುಡಿದೇ ಬಿಡುತ್ತಾರೆ. ಡೈಸಲ್ಫಿರಾಮ್ ಕೆಟ್ಟ ಔಷಧಿಯಲ್ಲ. ರಕ್ತ ಪರೀಕ್ಷೆ ಮಾಡಿಸಿ, ಎಲ್ಲವನ್ನೂ ತಿಳಿದು, ತಾನೇ ಬೇಕು ಅಂತ ನುಂಗುವವರಿಗೆ ಅದು ನೆರವಾಗುತ್ತದೆ. ಗುಟ್ಟಾಗಿ ಮಾತ್ರ ಬೇಡ. ಒಂದು ದಿನ ಅವರಿಗೆ ವಿಷಯ ಗೊತ್ತಾದರೆ ನೀವು ಬಡಿಸಿದ ತಟ್ಟೆಯ ಮೇಲೆ ನಂಬಿಕೆ ಹೋಗುತ್ತದೆ. ಮುಂದಿನ ಚಿಕಿತ್ಸೆಗೆ ಆ ನಂಬಿಕೆಯೇ ಬೇಕು.

ಈಗ ಕುಡಿತ ಎಷ್ಟು ಅಂಟಿಕೊಂಡಿದೆ ಅಂತ ಅಳೆಯುವ ವಿಷಯಕ್ಕೆ ಬರೋಣ. "ಬೇಕಾದಾಗ ಬಿಡ್ತೀನಿ" ಅನ್ನುವ ಮಾತನ್ನು ನಾವು ಸುಳ್ಳು ಅಂತ ತಳ್ಳಿಹಾಕುವುದಿಲ್ಲ. ಅವರು 41 ದಿನ ಬಿಟ್ಟಿದ್ದು ನಿಜ. ಆದರೆ ಬಿಡಲು ಆಗುತ್ತದೆಯೇ ಅನ್ನುವುದರಿಂದ ಅವಲಂಬನೆಯನ್ನು, ಅಂದರೆ ದೇಹ, ಮನಸ್ಸು ಕುಡಿತಕ್ಕೆ ಅಂಟಿಕೊಂಡಿರುವುದನ್ನು, ಅಳೆಯಲು ಆಗುವುದಿಲ್ಲ. ನಾವು ಆರು ಲಕ್ಷಣ ನೋಡುತ್ತೇವೆ. ಕುಡಿಯಬೇಕೆಂಬ ತಡೆಯಲಾಗದ ಆಸೆ. ಶುರು ಮಾಡಿದ ಮೇಲೆ ಹಿಡಿತ ತಪ್ಪುವುದು. ನಿಲ್ಲಿಸಿದರೆ ನಡುಕದಂಥ ತೊಂದರೆ. ಮೊದಲಿನ ಅಮಲಿಗೆ ಈಗ ಜಾಸ್ತಿ ಬೇಕಾಗುವುದು. ಬೇರೆ ಸಂತೋಷಗಳು, ಜವಾಬ್ದಾರಿಗಳು ಹಿಂದೆ ಬೀಳುವುದು. ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅವಲಂಬನೆ ಅಂತ ತೀರ್ಮಾನಿಸುತ್ತೇವೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-10 ಹೇಳುವ ಅಳತೆ. ಬೆಳಗಿನ ನೈಂಟಿ, ಕೈ ನಡುಕ, ಎರಡು ಕ್ವಾರ್ಟರಿಗೆ ಏರಿದ ಲೆಕ್ಕ, ಇಷ್ಟು ನಿಮ್ಮ ಪತ್ರದಲ್ಲೇ ಇದೆ. ಎದುರಿಗೆ ಕೂರಿಸಿ ಮಾತಾಡದೆ ಕೊನೆಯ ಮಾತು ಹೇಳಬಾರದು. ಆದರೂ ನನಗೆ ಹೆಚ್ಚು ಅನುಮಾನ ಉಳಿದಿಲ್ಲ.

ಪ್ರಮಾಣವನ್ನೂ ಲೆಕ್ಕ ಹಾಕುತ್ತೇವೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮು, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿಲಿ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ಕ್ವಾರ್ಟರ್ ಅಂದರೆ 180 ಮಿಲಿ, ಅದರಲ್ಲಿ 60 ಗ್ರಾಂ. ಎರಡಕ್ಕೆ 120 ಗ್ರಾಂ. ಗಂಡಸರಿಗೆ ದಿನಕ್ಕೆ 100 ಗ್ರಾಂ ದಾಟಿದರೆ ಅದು ಅತಿ ಹೆಚ್ಚು ಅಪಾಯದ ಮಟ್ಟ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಯರ್ ಅಂದರೆ ಏನೂ ಅಲ್ಲ ಅನ್ನುವವರಿಗೂ ಒಂದು ಮಾತು. ಶೇಕಡಾ 8ರ ಸ್ಟ್ರಾಂಗ್ ಬಿಯರಿನ ಒಂದು 650 ಮಿಲಿ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ.

ಆಡಿಟ್ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿಯೂ ಇದೆ. ಇದು ಕೂಡ ವಿಶ್ವ ಆರೋಗ್ಯ ಸಂಸ್ಥೆಯದ್ದೇ. ಮೊದಲ ಮೂರು ಪ್ರಶ್ನೆ ಎಷ್ಟು ಕುಡಿಯುತ್ತೀರಿ ಅನ್ನುವುದರ ಬಗ್ಗೆ, ಮುಂದಿನ ಮೂರು ಅವಲಂಬನೆಯ ಬಗ್ಗೆ, ಉಳಿದ ನಾಲ್ಕು ಆದ ಹಾನಿಯ ಬಗ್ಗೆ. ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರಿಕೆ, 20 ಮುಟ್ಟಿದರೆ ಪೂರ್ತಿ ತಪಾಸಣೆ ಬೇಕು. ಪಟ್ಟಿ ಉಪಯುಕ್ತ, ಆದರೆ ಅದನ್ನು ಓದಿ ಟಿಕ್ ಹಾಕಿಸಿ ಕಳಿಸಿದರೆ ನನಗೆ ಸಮಾಧಾನವಿಲ್ಲ. ಯಾಕೆ ಕುಡಿಯುತ್ತೀರಿ ಅಂತ ಕೇಳಿದರೂ ಪ್ರಯೋಜನ ಕಡಿಮೆ. ಸುಮ್ನೆ, ಮೈಕೈ ನೋವು, ಟೆನ್ಷನ್, ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನಾಯಿತು ಹೇಳಿ ಅಂತ ಕೇಳುವುದು ಒಳ್ಳೆಯದು. ಆಗ ಜೀವನವೇ ಎದುರಿಗೆ ಬರುತ್ತದೆ. ಎಷ್ಟು ಗಂಟೆಗೆ ಮೊದಲ ಗುಟುಕು, ಜೊತೆಯಲ್ಲಿ ಯಾರಿದ್ದರು, ಜೇಬಿನಲ್ಲಿ ದುಡ್ಡು ಎಲ್ಲಿಂದ ಬಂತು, ಕುಡಿಯುವ ಐದು ನಿಮಿಷ ಮೊದಲು ಮನಸ್ಸಿನಲ್ಲಿ ಏನಿತ್ತು, ಆಮೇಲೆ ಏನು ಸಿಕ್ಕಿತು. ಕುಡಿತದಿಂದ ಅವರಿಗೆ ಏನೋ ಸಿಗುತ್ತಿದೆ. ನಿದ್ದೆ ಇರಬಹುದು, ಧೈರ್ಯ ಇರಬಹುದು, ರೇಟು ಬಿದ್ದ ದಿನದ ಸಂಕಟ ಒಂದು ಗಂಟೆ ಮರೆಯುವುದಿರಬಹುದು. ಅದು ಏನು ಅಂತ ತಿಳಿಯದೆ ಬಿಡಿ ಅನ್ನುವ ಹಕ್ಕು ನಮಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮನಸ್ಸಿನ ಬೇಸರ, ಸಾಯುವ ಯೋಚನೆ ಇದೆಯಾ ಅಂತಲೂ ನೇರವಾಗಿ ಕೇಳುತ್ತೇವೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು. ಕುಡಿಯುವವರಲ್ಲಿ ಕಾಣುವ ಖಿನ್ನತೆ ಎಷ್ಟೋ ಸಲ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ತೋಟದ ಔಷಧಿ ಡಬ್ಬಿಗಳು ಮನೆಯಲ್ಲಿ ಎಲ್ಲಿವೆ? ಅವನ್ನು ಇವತ್ತೇ ಬೀಗ ಹಾಕಿ ಇಡಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ.

ಈಗ ಆ 41 ದಿನಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬಹಳ ಆಸೆ ಹುಟ್ಟಿಸಿದ್ದು ಇದೇ. ನಿಮಗೆ ಅದು ಅವರ ವಾದಕ್ಕೆ ಸಿಕ್ಕ ಆಧಾರದಂತೆ ಕಾಣುತ್ತಿದೆ. ನನಗೆ ಅದು ಚಿಕಿತ್ಸೆಯ ಅರ್ಧ ದಾರಿ. ಕುಡಿತ ಬಿಟ್ಟು ಹೇಗಿರುವುದು ಅನ್ನುವುದನ್ನು ಎಷ್ಟೋ ಜನರಿಗೆ ನಾವು ಮೊದಲಿನಿಂದ ಕಲಿಸಬೇಕು. ನಿಮ್ಮ ಯಜಮಾನರು ಪ್ರತಿ ವರ್ಷ ಅದನ್ನು ಮಾಡಿ ತೋರಿಸುತ್ತಿದ್ದಾರೆ.

ಆ ದಿನಗಳಲ್ಲಿ ಏನೇನು ಬದಲಾಗುತ್ತದೆ ನೋಡಿ. ನಸುಕಿನಲ್ಲಿ ಏಳುತ್ತಾರೆ, ಸ್ನಾನ, ಶರಣು ಕೂಗುವುದು. ಹೊತ್ತಿಗೊಂದು ಕೆಲಸ ಇರುತ್ತದೆ. ಬಟ್ಟೆ ಬೇರೆ. ಊರಿನವರೆಲ್ಲ ಸ್ವಾಮಿ ಅಂತ ಕರೆಯುತ್ತಾರೆ. ನಿನ್ನೆಯವರೆಗೆ ಕುಡುಕ ಅಂದವರೇ ಕೈ ಮುಗಿಯುತ್ತಾರೆ. ಸಂಜೆ ಆರರಿಂದ ಒಂಬತ್ತರ ಹೊತ್ತು, ಅಂದರೆ ಬಾರಿಗೆ ಹೋಗುವ ಹೊತ್ತು, ಭಜನೆಯಲ್ಲಿ ಕಳೆಯುತ್ತದೆ. ಕುಡಿಯುವ ಗೆಳೆಯರು ತಾವಾಗಿ ದೂರ ನಿಲ್ಲುತ್ತಾರೆ, ಬಾ ಅಂತ ಕರೆಯುವುದಿಲ್ಲ. ಬೇಡ ಅನ್ನಲು ಕಾರಣ ಹುಡುಕಬೇಕಿಲ್ಲ, ಕೊರಳಲ್ಲಿ ಮಾಲೆ ಇದೆ. ಗುರುಸ್ವಾಮಿ ದಿನಾ ವಿಚಾರಿಸುತ್ತಾರೆ. ಕೊನೆಗೆ ಒಂದು ಗುರಿ ಇದೆ, ಇರುಮುಡಿ ಹೊತ್ತು ಬೆಟ್ಟ ಹತ್ತುವುದು. ವ್ಯಸನದ ಮನೋವಿಜ್ಞಾನ ಬಿಡಲು ಏನೇನು ಬೇಕು ಅನ್ನುತ್ತದೋ, ಅದರಲ್ಲಿ ಬಹುಪಾಲು ಇಲ್ಲೇ ಇದೆ. ಹೊತ್ತಿನ ಕ್ರಮ, ಹೊಸ ಸಹವಾಸ, ಗೌರವ, ನಿರಾಕರಿಸಲು ಒಂದು ಮಾತು, ವಿಚಾರಿಸುವ ಒಬ್ಬರು.

ಮಾಲೆ ತೆಗೆದ ದಿನ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಅದೇ ಸಂಜೆ, ಅದೇ ಗೆಳೆಯರು, ಅದೇ ಹೆಸರು. ಮನೆಯವರೂ ಆ ದಿನಕ್ಕೆ ಏನೂ ತಯಾರಿ ಮಾಡಿರುವುದಿಲ್ಲ. 41 ದಿನ ತಡೆದದ್ದಕ್ಕೆ ಇವತ್ತು ಒಂದು ದಿನ ಕುಡಿದರೇನು ಅನ್ನುವ ಯೋಚನೆ ಬರುತ್ತದೆ. ಅವರನ್ನು ಕೇಳಿದರೆ 42ನೇ ದಿನದ ಬಗ್ಗೆ ಬೆಟ್ಟದ ಮೇಲಿರುವಾಗಲೇ ಯೋಚಿಸಿದ್ದೆ ಅನ್ನಬಹುದು. ಇನ್ನೊಂದು ಅಪಾಯವೂ ಇದೆ. ಅಷ್ಟು ದಿನ ಬಿಟ್ಟ ದೇಹಕ್ಕೆ ಮೊದಲಿನಷ್ಟು ತಡೆಯುವ ಶಕ್ತಿ ಇರುವುದಿಲ್ಲ. ಹಳೆಯ ಲೆಕ್ಕದಲ್ಲೇ ಕುಡಿದರೆ ವಿಷವಾಗಬಹುದು.

ಕೌನ್ಸೆಲಿಂಗ್ ಬುದ್ಧಿಮಾತಲ್ಲ. ಬುದ್ಧಿಮಾತನ್ನು ನೀವು, ನಿಮ್ಮ ಅತ್ತೆ, ಊರಿನ ಹಿರಿಯರು ಎಲ್ಲ ಹೇಳಿ ಮುಗಿದಿದೆ. ಅದರಿಂದ ಆಗುವುದಿದ್ದರೆ ಯಾವತ್ತೋ ಆಗುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬೇರೆಯೇ ಒಂದು ಮಾತಿನ ರೀತಿಯನ್ನು ಬರೆದಿಟ್ಟರು. ಕುಡಿಯುವವರ ಒಳಗೆ ಎರಡು ಮನಸ್ಸು ಇರುತ್ತದೆ, ಒಂದಕ್ಕೆ ಬೇಕು, ಒಂದಕ್ಕೆ ಬೇಡ. ನಾವು ಬಿಡು ಅಂತ ಒತ್ತಿದಷ್ಟೂ ಅವರು ಬೇಕು ಅನ್ನುವ ಮನಸ್ಸಿನ ಪರವಾಗಿ ವಾದಿಸುತ್ತಾರೆ. ವಾದಿಸುತ್ತ ವಾದಿಸುತ್ತ ಅದನ್ನೇ ನಂಬುತ್ತಾರೆ. ಹಾಗಾಗಿ ಬಿಡಬೇಕಾದ ಕಾರಣ ಅವರ ಬಾಯಿಂದಲೇ ಬರುವಂತೆ ಕೇಳಬೇಕು.

ಕೋಣೆಯಲ್ಲಿ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ.

"ಮಾಲೆ ಹಾಕಿದ್ದಾಗ ಏನು ಚೆನ್ನಾಗಿತ್ತು ಅಣ್ಣ?"

"ಏನ್ ಸಾರ್, ಮೈ ಹಗುರ ಇತ್ತು. ಮಗಳು ಪಕ್ಕದಲ್ಲಿ ಕೂತು ಓದ್ಕೋತಾ ಇದ್ಲು."

"ಬೇರೆ ದಿನ ಕೂರಲ್ವಾ?"

"ಇಲ್ಲ. ವಾಸನೆ ಅಂತಾಳೆ."

"ಅದು ನಿಮಗೆ ಹೇಗನ್ನಿಸುತ್ತೆ?"

ಇಲ್ಲಿ ಸುಮ್ಮನಿರಬೇಕು. ತುಂಬ ಹೊತ್ತಾದರೂ ಸುಮ್ಮನಿರಬೇಕು. ನೋಡಿದಿರಾ, ಅದಕ್ಕೇ ಬಿಡಿ ಅಂತ ಇಲ್ಲಿ ಬಾಯಿ ಹಾಕಿದರೆ ಎಲ್ಲ ಹೋಯಿತು. ಆಮೇಲೆ, ಬಿಡುವುದು ನಿಮಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ ಅಂತ ಕೇಳುತ್ತೇವೆ. ನಾಲ್ಕು ಅಂದರೆ, ಯಾಕೆ ನಾಲ್ಕು, ಒಂದೋ ಎರಡೋ ಯಾಕಲ್ಲ ಅಂತ ಕೇಳಬೇಕು. ಆಗ ಅವರು ಬಿಡಬೇಕಾದ ಕಾರಣಗಳನ್ನು ತಾವೇ ಹೇಳುತ್ತಾರೆ. ಹತ್ತು ಯಾಕಲ್ಲ ಅಂತ ಕೇಳಿದರೆ ಬಿಡಲಾಗದ ಕಾರಣಗಳ ಪಟ್ಟಿ ಬರುತ್ತದೆ.

ಮನಸ್ಸು ಬಿಡುವ ಕಡೆ ವಾಲಿದ ಮೇಲೆ ಅಭ್ಯಾಸದ ಕೆಲಸ ಶುರು. ಮತ್ತೆ ಕುಡಿಯದಂತೆ ತಡೆಯುವ ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಹೆಸರು ದೊಡ್ಡದು. ಜನ ಎಲ್ಲಿ ಜಾರುತ್ತಾರೆ ಅಂತ ಅವರು ನೋಡಿದರು. ಮನಸ್ಸಿಗೆ ಬೇಸರವಾದಾಗ, ಜಗಳವಾದಾಗ, ಜೊತೆಗಾರರು ಒತ್ತಾಯಿಸಿದಾಗ, ಈ ಮೂರು ಕಡೆ ಹೆಚ್ಚು. ನಿಮ್ಮ ಯಜಮಾನರಿಗೆ ಇದನ್ನು ಊರಿನ ಲೆಕ್ಕಕ್ಕೆ ಇಳಿಸಬೇಕು. ಮಂಡಿಯಲ್ಲಿ ಬಾಕ್ಸಿಗೆ ಒಳ್ಳೆ ರೇಟು ಸಿಕ್ಕ ದಿನ. ರೇಟು ಬಿದ್ದು ಕೂಲಿಯೂ ಹುಟ್ಟದ ದಿನ. ಡೇರಿ ಬಟವಾಡೆ ದಿನ. ಯುಗಾದಿ ಮಾರನೆಯ ದಿನದ ಹೊಸತೊಡಕು. ಊರ ಜಾತ್ರೆ, ಮಹಾಲಯ ಅಮಾವಾಸ್ಯೆ, ಸಾವಿನ ಮನೆ. ನಿಮ್ಮಿಬ್ಬರ ಜಗಳದ ರಾತ್ರಿ. ಒಂದೊಂದಕ್ಕೂ ಮೊದಲೇ ಒಂದು ಉಪಾಯ ಬೇಕು. ಮಂಡಿಗೆ ಒಬ್ಬರೇ ಹೋಗುವ ಬದಲು ಭಾವಮೈದುನ ಜೊತೆಗಿರಲಿ. ದುಡ್ಡು ಕೈಗೆ ಬರುವ ಬದಲು ಬ್ಯಾಂಕ್ ಖಾತೆಗೆ ಬರಲಿ. ಆದರೆ ಇದು ಅವರೇ ಒಪ್ಪಿ ಮಾಡಿದ್ದಾಗಬೇಕು. ಕಿತ್ತುಕೊಂಡರೆ ಸಾಲ ಮಾಡಿ ಕುಡಿಯುತ್ತಾರೆ.

ಬೇಡ ಅನ್ನುವುದನ್ನು ಕೋಣೆಯಲ್ಲೇ ಅಭ್ಯಾಸ ಮಾಡಿಸುತ್ತೇವೆ. ನಾನು ಗೆಳೆಯನಾಗುತ್ತೇನೆ. "ಒಂದು ಪೆಗ್ ಅಷ್ಟೇ, ಬಾರೋ." ಅವರು ಉತ್ತರ ಹೇಳಬೇಕು. ನೋಡೋಣ, ಆಮೇಲೆ ಅಂದರೆ ಸೋತ ಹಾಗೆ. "ಬೇಡಪ್ಪ, ಡಾಕ್ಟ್ರು ಮಾತ್ರೆ ಕೊಟ್ಟಿದಾರೆ, ಬಿಟ್ಟಿದೀನಿ" ಅಂತ ಹೇಳಿ ಜಾಗ ಬಿಡಬೇಕು. ಕೇಳಲು ಸುಲಭ. ಗಟ್ಟಿ ಗಂಡಸರೂ ಮೊದಲ ಸಲ ತೊದಲುತ್ತಾರೆ.

ಆಸೆ ಬಂದಾಗ ಏನು ಮಾಡುವುದು ಅನ್ನುವುದು ಇನ್ನೊಂದು ಪಾಠ. ಕುಡಿಯುವ ಆಸೆ ಏರುತ್ತಲೇ ಇರುತ್ತದೆ, ಕುಡಿಯದಿದ್ದರೆ ನಿಲ್ಲುವುದೇ ಇಲ್ಲ ಅಂತ ಅವರು ನಂಬಿರುತ್ತಾರೆ. ಹಾಗಾಗುವುದಿಲ್ಲ. ಉರಿ ತೆಗೆದ ಮೇಲೆ ಉಕ್ಕಿದ ಹಾಲು ಕೆಳಗಿಳಿಯುವಂತೆ ಅದೂ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಆ ಹೊತ್ತು ಆ ಜಾಗದಿಂದ ಎದ್ದು ಹೋಗುವುದು, ಏನಾದರೂ ತಿನ್ನುವುದು, ಒಬ್ಬರಿಗೆ ಫೋನ್ ಮಾಡುವುದು, ಮೈಯಲ್ಲಿ ಆಸೆ ಎಲ್ಲಿ ಕಾಣಿಸುತ್ತಿದೆ ಅಂತ ಗಮನಿಸುವುದು. ಹಸಿವು ಮತ್ತು ಆಸೆ ಕಲಸಿಹೋಗುವುದೂ ಉಂಟು. ಹಾಗಾಗಿ ಸಂಜೆ ಐದಕ್ಕೇ ಹೊಟ್ಟೆ ತುಂಬ ಏನಾದರೂ ಕೊಡಿ.

ನಡುವೆ ಒಂದು ದಿನ ಜಾರಬಹುದು. ಆಗ ಎಲ್ಲ ಮುಗೀತು, ನಾನು ಇಷ್ಟೇ ಅನ್ನುವ ಯೋಚನೆ ಬರುತ್ತದೆ. ಒಂದು ದಿನದ ಕುಡಿತವನ್ನು ಮೂರು ತಿಂಗಳ ಕುಡಿತವಾಗಿ ಮಾಡುವುದು ಆ ಯೋಚನೆಯೇ. ಮರುದಿನವೇ ಬಂದು ಹೇಳಲಿ. ಬೈಯದೆ ಕೇಳುವ ಜಾಗ ಒಂದಿದೆ ಅಂತ ಅವರಿಗೆ ಗೊತ್ತಿರಬೇಕು.

ಇದೆಲ್ಲ ಕೆಲಸ ಮಾಡುತ್ತದೆಯೇ? ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥದ್ದೇ ಮಾತಿನ ಚಿಕಿತ್ಸೆಯನ್ನು ಪರೀಕ್ಷಿಸಿ 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾತಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತು. ಮೂರು ತಿಂಗಳ ನಂತರ ನೂರರಲ್ಲಿ 36 ಜನ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಆ ಮಾತು ಸಿಗದವರಲ್ಲಿ 26 ಜನ. ಪವಾಡವಲ್ಲ, ಆದರೆ ಅಷ್ಟು ಕಡಿಮೆ ಖರ್ಚಿಗೆ ಇದು ಸಣ್ಣದೂ ಅಲ್ಲ. ಅವರೆಲ್ಲ ಆಡಿಟ್‌ನಲ್ಲಿ 12ರಿಂದ 19 ಅಂಕದವರು. ನಿಮ್ಮ ಯಜಮಾನರು ಅದನ್ನು ದಾಟಿದ್ದಾರೆ ಅಂತ ನನ್ನ ಅಂದಾಜು. ಹಾಗಾಗಿ ಬರೀ ಮಾತು ಸಾಲದು, ಔಷಧಿಯೂ ಬೇಕು ಅನ್ನುತ್ತಿದ್ದೇನೆ. ಬಿಟ್ಟ ಮೇಲೆ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಲಿವರ್, ಕಿಡ್ನಿ ನೋಡಿ ಡಾಕ್ಟರು ಆರಿಸುತ್ತಾರೆ. ಯಾವ ಹೆಸರಿನ ಮಾತಿನ ಚಿಕಿತ್ಸೆ ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದಲ್ಲಿ 1,726 ಜನರ ಮೇಲೆ ಮೂರು ರೀತಿಯ ಚಿಕಿತ್ಸೆಯನ್ನು ಹೋಲಿಸಿದರು. 1997ರಲ್ಲಿ ಬಂದ ಫಲಿತಾಂಶದಲ್ಲಿ ಮೂರಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಗೌರವದಿಂದ ಕೇಳುವವರು ಸಿಕ್ಕರೆ ಅಲ್ಲೇ ಮುಂದುವರಿಯಿರಿ.

ಅವರು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ? ಆಗ ಮೊದಲು ನೀವೊಬ್ಬರೇ ಬನ್ನಿ. ಮನೆಯವರಿಗೆ ತರಬೇತಿ ಕೊಡುವ ಕ್ರಾಫ್ಟ್ ಅನ್ನುವ ಪದ್ಧತಿ ಇದೆ. 1999ರ ಒಂದು ಅಧ್ಯಯನದಲ್ಲಿ ಈ ತರಬೇತಿ ಪಡೆದವರ ಮನೆಗಳಲ್ಲಿ ನೂರಕ್ಕೆ 64 ಕುಡಿಯುವವರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಸುತ್ತುವರಿದು ತಪ್ಪು ಎತ್ತಿ ತೋರಿಸುವ ಪದ್ಧತಿ ಕಲಿತವರ ಮನೆಗಳಲ್ಲಿ ಬಂದದ್ದು 30 ಜನ. ನಮ್ಮ ಕಡೆ ಪಂಚಾಯಿತಿ ಸೇರಿಸಿ ಬೈಯಿಸುವುದೂ ಅದೇ ರೀತಿಯದ್ದು ಅಲ್ವಾ?

ಕ್ರಾಫ್ಟ್‌ನ ತಿರುಳು ಸರಳ. ಕುಡಿಯದ ಹೊತ್ತನ್ನು ಅವರಿಗೆ ಹಿತವಾಗಿಸಿ. ಕುಡಿದ ಹೊತ್ತಿನಲ್ಲಿ ಆ ಹಿತವನ್ನು ಜಗಳವಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳಿ. ಕುಡಿದು ಬಂದಾಗ ಮಾತು ಬೇಡ, ಊಟ ಮುಚ್ಚಿಟ್ಟು ಮಕ್ಕಳ ಜೊತೆ ಮಲಗಿ. ಅವರ ಸಾಲ ನೀವು ತೀರಿಸಬೇಡಿ, ಡೇರಿಗೆ ಹೋಗದ ದಿನ ಜ್ವರ ಅಂತ ಸುಳ್ಳು ಹೇಳಬೇಡಿ. ಮಾತಾಡಲು ಒಂದು ಹೊತ್ತು ಆರಿಸಿಕೊಳ್ಳಿ. ಪೂರ್ತಿ ಅಮಲೂ ಇರಬಾರದು, ನಡುಕವೂ ಇರಬಾರದು. "ರೀ, ಹೋದ ವರ್ಷ ಮಾಲೆ ಹಾಕಿದ್ದಾಗ ಮೂರನೇ ರಾತ್ರಿ ನನಗೆ ಬಹಳ ಭಯ ಆಯ್ತು. ಈ ಸಲ ಮಾಲೆಗೆ ಮುಂಚೆ ಒಂದ್ಸಲ ಡಾಕ್ಟ್ರನ್ನ ನೋಡ್ಕೊಂಡು ಬರೋಣ. ನಾನೂ ಬರ್ತೀನಿ" ಅನ್ನಿ. ಕುಡಿತ ಬಿಡಿ ಅನ್ನುವ ಮಾತೇ ಅದರಲ್ಲಿಲ್ಲ ನೋಡಿ. ಗುರುಸ್ವಾಮಿಯವರ ಹತ್ತಿರವೂ ಮೊದಲೇ ಮಾತಾಡಿ. ಬಿಪಿ, ಶುಗರ್ ಮಾತ್ರೆ ನುಂಗಿಕೊಂಡೇ ಬೆಟ್ಟ ಹತ್ತುವವರು ಎಷ್ಟು ಜನ ಅಂತ ಅವರಿಗೆ ಗೊತ್ತು. ಈ ಮಾತ್ರೆಯೂ ಹಾಗೆಯೇ ಅಂತ ಅವರು ಒಂದು ಮಾತು ಹೇಳಿದರೆ ನನ್ನ ಹತ್ತು ಮಾತಿಗಿಂತ ಹೆಚ್ಚು ನಡೆಯುತ್ತದೆ. ಮಾಲೆ ತೆಗೆದ ಮೇಲೂ ವಾರಕ್ಕೆರಡು ಸಂಜೆ ಭಜನೆಗೆ ಕರೆಯಿರಿ ಅಂತ ಅವರನ್ನು ಕೇಳಿಕೊಳ್ಳಿ. ಮಾಲೆ ತೆಗೆಯುವ ವಾರಕ್ಕೇ ನಮ್ಮ ಭೇಟಿಯ ದಿನವನ್ನೂ ಗೊತ್ತುಮಾಡಿಕೊಳ್ಳೋಣ.

ನಿಮ್ಮ ಮೇಲೆ ಕೈ ಮಾಡುತ್ತಾರಾ ಅಂತ ನೀವು ಬರೆದಿಲ್ಲ. ಮಾಡುತ್ತಿದ್ದರೆ ಮೇಲಿನ ಯಾವ ಉಪಾಯಕ್ಕಿಂತಲೂ ನಿಮ್ಮ ಮತ್ತು ಮಕ್ಕಳ ಸುರಕ್ಷತೆ ಮೊದಲು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕುಡಿತ ಕಾಯಿಲೆ ಅನ್ನುವುದು ಹೊಡೆತಕ್ಕೆ ಸಮರ್ಥನೆಯಲ್ಲ.

ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು, ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು, ಇವೆರಡೂ ಬಿಟ್ಟ ಮೇಲಿನ ಸಹವಾಸಕ್ಕೆ ಒಳ್ಳೆಯವು. ಆದರೆ ಇವರಂಥವರು ಡಾಕ್ಟರ ತಪಾಸಣೆ ಇಲ್ಲದೆ ನೇರ ಶಿಬಿರಕ್ಕೆ ಹೋಗಬಾರದು. ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವ, ಕೂಡಿಹಾಕಿ ಹೊಡೆಯುವ ಖಾಸಗಿ ಕೇಂದ್ರಗಳಿಗೆ ಯಾವ ಕಾರಣಕ್ಕೂ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯವ್ಯಸನಕ್ಕೂ ಅನ್ವಯಿಸುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಅದರ ಪ್ರಕಾರ ನಿಷಿದ್ಧ.

ನಡುರಾತ್ರಿ ಏನಾದರೂ ಕೇಳಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್, ಗೊಂದಲ, ಜ್ವರ, ರಕ್ತ ವಾಂತಿ ಇದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ 108 ಕರೆಯಿಸಿ.

ಆಸ್ಪತ್ರೆಗೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ದಿನಕ್ಕೆ ಎಷ್ಟು, ಯಾವ ಹೊತ್ತಿಗೆ, ಕೊನೆಯ ಸಲ ಯಾವಾಗ ಕುಡಿದದ್ದು. ಮೂರನೇ ರಾತ್ರಿ ಆದದ್ದೆಲ್ಲ. ಹಿಂದೆ ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ. ಬೀಡಿ, ಗುಟ್ಕಾ ಇದೆಯಾ. ಬೇರೆ ಏನು ಮಾತ್ರೆ ನುಂಗುತ್ತಾರೆ. ಮಾಲೆ ಹಾಕುವ ದಿನ ಯಾವುದು. ದಾಖಲಾಗಬೇಕು ಅಂದರೆ ಆ ಒಂದು ವಾರ ಹಸುಗಳ ಹಾಲು ಕರೆಯುವವರು ಯಾರು ಅಂತಲೂ ಈಗಲೇ ಮಾತಾಡಿಕೊಳ್ಳಿ. ಹಸು ನೋಡಿಕೊಳ್ಳೋರಿಲ್ಲ ಅಂತ ಎರಡನೇ ದಿನಕ್ಕೇ ವಾರ್ಡಿನಿಂದ ಎದ್ದು ಹೋದವರು ನಮ್ಮ ಕಡೆ ಬಹಳ ಜನ ಇದ್ದಾರೆ.